ಡಬ್ಬಿಯಲ್ಲಿ ಉಳಿದ ಕಲ್ಲು

ಯಮನಪ್ಪ ಕಾಕಾ ಈ ದಡದಲ್ಲಿ ನಕ್ಕರೆ ಆಚೆ ದಡದ ಎಮ್ಮೆಗಳು ಕತ್ತೆತ್ತಿ ನೋಡುತ್ತಿದ್ದವು. ಬೀಳಗಿ ಕಡೆಯ ನಮ್ಮೂರಿನ ಸುತ್ತ ಡ್ಯಾಮಿನ ಹಿನ್ನೀರು ನಿಂತು, ದಿಬ್ಬದ ಮೇಲಿನ ಮನೆಗಳೆಲ್ಲ ನಡುಗಡ್ಡೆಯಾದಾಗ ನಮಗೆ ಉಳಿದ ಸರ್ಕಾರವೆಂದರೆ ಅವನೊಬ್ಬನೇ. ದೋಣಿ ಅವನದು. ಟಪಾಲು, ಸೀಮೆಎಣ್ಣೆ, ಜ್ವರದ ಗುಳಿಗೆ, ಬೀಳಗಿಯ ಸುದ್ದಿ, ಎಲ್ಲ ತರುವವನೂ ಅವನೇ. ಸುದ್ದಿಗೆ ಮಾತ್ರ ಒಗ್ಗರಣೆ ಜಾಸ್ತಿ.

ಅವನದೊಂದು ಪದ್ಧತಿಯಿತ್ತು. ಬೆಳಿಗ್ಗೆ ದಾಟುವವರು ದಡದ ಬೇವಿನ ಬುಡದಲ್ಲಿದ್ದ ತಗಡಿನ ಡಬ್ಬಿಗೆ ತಲಾ ಒಂದು ಕಲ್ಲು ಹಾಕಬೇಕು, ಮರಳಿದಾಗ ತೆಗೆಯಬೇಕು. ಒಂದು ಕಲ್ಲು ಉಳಿದರೂ ಕಾಕಾ ಮತ್ತೆ ಆಚೆ ದಡಕ್ಕೆ ಹೋಗಿ ಕಾಯುತ್ತಿದ್ದ. ಒಮ್ಮೆ ಅಪ್ಪ ಕಲ್ಲು ತೆಗೆಯಲು ಮರೆತು ಮನೆಗೆ ಬಂದು ಹಾಯಾಗಿ ಉಂಡ. ಕಾಕಾ ಅಲ್ಲಿ ಕಾದು ಕಾದು ಸಾಕಾಗಿ ಬಂದು ಬೈದ ಬೈಗುಳಗಳನ್ನು ಇಲ್ಲಿ ಬರೆಯುವಂತಿಲ್ಲ.

ಊರವರು ಒಬ್ಬೊಬ್ಬರೇ ಸರ್ಕಾರ ಕಟ್ಟಿಸಿದ ಹೊಸ ಊರಿಗೆ ಹೊರಟರು. ನನ್ನ ಹತ್ತನೆಯ ಪರೀಕ್ಷೆ ಮುಗಿಯಲೆಂದು ಅಪ್ಪ ನಿಂತ. ಕಾಕಾ ಬೊಗಸೆಯಲ್ಲಿ ಹೊಳೆಯ ನೀರು ಹಿಡಿದು ಹೇಳಿದ್ದ:

"ಎಲ್ಲಾರ್ನೂ ದಾಟಿಸಿದ ಮ್ಯಾಲೇ ನಾ ದಾಟಾಂವ. ಹುಡುಗಿ ಪರೀಕ್ಷಾ ನನ್ನ ಮ್ಯಾಲ ಬಿಡ್ರಿ."

ಗಣಿತದ ಪರೀಕ್ಷೆಯ ಬೆಳಿಗ್ಗೆ ದಡದಲ್ಲಿ ದೋಣಿಯಿರಲಿಲ್ಲ. ಕಾಕಾ ನಸುಕಿನಲ್ಲೇ ಹೆಂಡತಿ ಮಕ್ಕಳನ್ನೂ ಸಾಮಾನನ್ನೂ ಹೇರಿಕೊಂಡು ಹೋಗಿದ್ದ. ಹೊಸ ಊರಿನಲ್ಲಿ ರಸ್ತೆ ಬದಿಯ ಜಾಗ ಮೊದಲು ಬಂದವರಿಗೆ ಎಂದು ಬೀಳಗಿಯಲ್ಲಿ ಕೇಳಿದ್ದನಂತೆ. ಆ ಒಂದು ಸುದ್ದಿಯನ್ನು ಮಾತ್ರ ನಮಗೆ ತಂದಿರಲಿಲ್ಲ. ಖಾಲಿ ಡಬ್ಬಿಗೆ ನನ್ನ ಕಲ್ಲು ಹಾಕಿ ಮಧ್ಯಾಹ್ನದವರೆಗೂ ಕೂತೆ. ಕಲ್ಲು ಹಾಕಿದರೆ ಕಾಕಾ ಬಂದೇ ಬರುತ್ತಾನೆಂಬ ಹುಚ್ಚು ನಂಬಿಕೆ ನನಗೆ. ಮರುದಿನ ಮೀನುಗಾರರ ದೋಣಿಯೊಂದು ನಮ್ಮನ್ನು ದಾಟಿಸಿತು. ಗಣಿತದಲ್ಲಿ ನಪಾಸಾದೆ. ಮುಂದಿನ ವರ್ಷ ನನ್ನ ಮದುವೆಯಾಯಿತು, ಪರೀಕ್ಷೆ ಆಗಲಿಲ್ಲ. ಪರರು ಮೋಸ ಮಾಡಿದ್ದರೆ ಶಾಪ ಹಾಕಿ ಮರೆಯುತ್ತಿದ್ದೆ. ಕಾಕಾನನ್ನು ಮರೆಯುವುದು ಹೇಗೆ?

ಎಷ್ಟೋ ವರ್ಷಗಳ ಮೇಲೆ ಹೊಸ ಊರಿನ ರಸ್ತೆ ಬದಿಯ ಅವನ ಚಹಾದಂಗಡಿಗೆ ಹೋದೆ. ಗುರುತು ಹಿಡಿದು ಚಹಾ ಕೊಟ್ಟ. ನಾನು ಕೇಳುವ ಮೊದಲೇ ಅವನೇ ಶುರುಮಾಡಿದ.

"ಅವತ್ತ ಎಲ್ಲಾರ್ನೂ ಮನಿ ಮುಟ್ಟಿಸೇ ಹೋಗೇನಿ ತಂಗಿ. ಡಬ್ಬಿ ಖಾಲಿ ಇತ್ತು."

"ಮುಂಜಾನಿ ನಾ ಕಲ್ಲ ಹಾಕಿದ್ನಿ ಕಾಕಾ."

ಸೋಸುತ್ತಿದ್ದ ಚಹಾ ಲೋಟ ತುಂಬಿ ಹೊರಗೆ ಚೆಲ್ಲಿತು. ಅದನ್ನು ಒರೆಸುತ್ತ, "ತಗದೀಯೇನು?" ಎಂದ. ನಾನು ಇಲ್ಲವೆಂದು ತಲೆಯಾಡಿಸಿದೆ.

ಅದೇ ವರ್ಷ ಕಾಕಾ ತೀರಿಕೊಂಡ. ಮಣ್ಣಿಗೆ ಹೋಗಿದ್ದೆ, ಅತ್ತೂ ಬಂದೆ. ಬೇವಿನ ಮರ, ಡಬ್ಬಿ ಎಲ್ಲ ಈಗ ನೀರಿನ ಕೆಳಗಿವೆ. ನನ್ನ ಕಲ್ಲು ಅದರಲ್ಲೇ ಇದೆ.