ದೀಪ ಹಚ್ಚಿದ ಮೇಲೆ ಮಾಹಿತಿ ಇಲ್ಲ

ಬನವಾಸಿಯ ಆ ಮನೆಗೆ ಅಂದು ಪ್ರತಿಭಾಳನ್ನು ನೋಡಲು ಹಾವೇರಿ ಕಡೆಯವರು ಬಂದಿದ್ದರು. ಶಿರಾ, ಉಪ್ಪಿಟ್ಟು ಮುಗಿದವು. ಫೋಟೋ ತೆಗೆಯುವ ಕೆಲಸ ಅತ್ತಿಗೆ ಗಂಗಾಂಬಿಕಾಳ ಪಾಲಿಗೆ ಬಂತು. ಆಕೆ ಮೊಬೈಲನ್ನು ಹುಡುಗನ ತಂದೆಯ ಮುಖಕ್ಕೆ ಗೇಣು ದೂರದಲ್ಲಿ ಹಿಡಿದು, "ಹೂಂ, ಒಮ್ಮೆ ಕಣ್ಣು ಮಿಟುಕಿಸ್ರಿ," ಎಂದಳು. ಆ ಹಿರಿಯರು ಗಾಬರಿಯಲ್ಲಿ ಮಿಟುಕಿಸಿಯೂ ಬಿಟ್ಟರು.

"ಇನ್ನೊಮ್ಮೆ ಮಿಟುಕಿಸ್ರಿ. ಮುಖ ಹೊಂದವಲ್ದು."

ಹೆಣ್ಣು ನೋಡುವ ಹೊತ್ತಿನಲ್ಲಿ ಹೇಳುವ ಮಾತೇ ಇದು! ಹುಡುಗನ ತಾಯಿ ಗಂಡನ ಕಣ್ಣನ್ನೇ ದುರುಗುಟ್ಟಿ ನೋಡಿದಳು. ಅತ್ತೆ ನೀಲಗಂಗವ್ವ ಸೊಸೆಯ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದಳು.

ಗಂಗಾಂಬಿಕಾ ಪಕ್ಕದ ಹಳ್ಳಿಯಲ್ಲಿ ಹದಿನಾಲ್ಕು ವರ್ಷದಿಂದ ಅಂಗನವಾಡಿ ಟೀಚರ್. ಈಗೀಗ ಬಾಣಂತಿಗೆ ಬೇಳೆ-ಬೆಲ್ಲ ಕೊಡಬೇಕಾದರೂ ಮೊಬೈಲಿನೆದುರು ಆ ತಾಯಿ ಕಣ್ಣು ಮಿಟುಕಿಸಬೇಕು, ಯಂತ್ರ ಮುಖ ಒಪ್ಪಬೇಕು. ಆದರೆ ಆ ಹಳ್ಳಿಯಲ್ಲಿ ನೆಟ್ ಇಲ್ಲ, ವರ್ಕ್ ಮಾತ್ರ. ಸಿಗ್ನಲ್ ಸಿಗುವುದು ಚನ್ನಯ್ಯನ ಅನಾನಸ್ ಹೊಲದ ದಿಬ್ಬದ ಮೇಲೆ. ತಾಯಂದಿರು ಕೂಸು ಎತ್ತಿಕೊಂಡು ಅಲ್ಲಿ ಬಿಸಿಲಿಗೆ ಮುಖ ಮಾಡಿ, ಮುಳ್ಳು ಚುಚ್ಚಿಸಿಕೊಂಡು, ಮಿಟಿಮಿಟಿ ಎನ್ನುತ್ತ ನಿಲ್ಲುವರು. ಸಾಲದ್ದಕ್ಕೆ ಸಂಜೆಯಾದರೆ ಇಲಾಖೆಯ ವಾಟ್ಸಾಪ್ ಗುಂಪಿನಲ್ಲಿ ಸಂದೇಶಗಳ ಸುರಿಮಳೆ: ತೂಕ ಕಳಿಸಿ, ಎತ್ತರ ಕಳಿಸಿ, ಈಗಲೇ ಕಳಿಸಿ. ಬಟನ್ ಒತ್ತಿ ಒತ್ತಿಯೇ ಇರಬೇಕು, ಈ ಕಾಯಿಲೆಗೆ ಒತ್ತಡ ಎಂದು ಹೆಸರು ಬಂದದ್ದು.

ಜ್ವರವಾದರೆ ಹಣೆ ಮುಟ್ಟಿದರೆ ತಿಳಿಯುತ್ತದೆ. ಇದು ತಿಳಿಯಲಿಲ್ಲ. ಮೊಬೈಲ್ 'ಟಿಂಗ್' ಎಂದರೆ ಗಂಗಾಂಬಿಕಾಳ ಕೈಯ ಲಟ್ಟಣಿಗೆ ನಿಲ್ಲುತ್ತಿತ್ತು. ಮಕ್ಕಳಿಗೆ ಹಾಡು ಹೇಳಿಕೊಡುವಾಗ ನಡುವೆಯೇ ಸಾಲು ಮರೆಯುತ್ತಿತ್ತು. ಮಕ್ಕಳೇ ಮುಂದಿನ ಸಾಲು ಎತ್ತಿಕೊಟ್ಟು ಟೀಚರನ್ನು ಪಾಸು ಮಾಡಿಸುತ್ತಿದ್ದವು.

ಅಡುಗೆಮನೆಯಲ್ಲಿ ನೀಲಗಂಗವ್ವ ಬೈಯಲು ಬಾಯಿ ತೆರೆದಳು. ಸೊಸೆಯ ಕಣ್ಣಲ್ಲಿ ನೀರು ಕಂಡು ಬಾಯಿ ಮುಚ್ಚಿದಳು.

"ನಾ ಕೆಲ್ಸ ಬಿಡ್ತೀನಿ ಅತ್ತಿ. ರಾಜೀನಾಮಿ ಬರ್ದು ಚೀಲದಾಗ ಇಟ್ಕೊಂಡೇನಿ."

"ಬಿಡು. ಮತ್ಯಾಕ ಅಳ್ತಿ?"

"ಆ ಹುಡುಗ್ರನ್ನ ಬಿಟ್ಟು ಹೆಂಗ ಇರ್ಲಿ?"

ನೀಲಗಂಗವ್ವ ಸೆರಗಿನಿಂದ ಸೊಸೆಯ ಮೂಗು ಒರೆಸಿದಳು, ಅಂಗನವಾಡಿಯ ಕೂಸಿಗೆ ಒರೆಸುವ ಹಾಗೆ. "ಹುಚ್ಚಿ, ಹುಡುಗ್ರು ಬೇಕು, ಮೊಬೈಲ್ ಬ್ಯಾಡ, ಅಷ್ಟಽ ಅಲ್ಲೇನು? ಸಂಜಿಗೆ ನೋಡೂಣು ತಡಿ."

ಸಂಜೆ ಬೀಗರು ಹೋದ ಮೇಲೆ ನೀಲಗಂಗವ್ವ ದೇವರ ಮುಂದೆ ದೀಪ ಹಚ್ಚಿದಳು. ಆ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿ, ಯಾವುದೂ ಹೊಸ್ತಿಲು ದಾಟುವಂತಿಲ್ಲ, ಲಕ್ಷ್ಮಿ ಹೊರಟುಹೋಗುತ್ತಾಳೆ. ಅದೇ ಹೊತ್ತಿಗೆ ಫೋನು ರಿಂಗಾಯಿತು. ಮೇಲ್ವಿಚಾರಕಿ ನಾಜಿಯಾ ಮೇಡಂ. ನೀಲಗಂಗವ್ವ ಸೊಸೆಯ ಕೈಯಿಂದ ಫೋನು ಕಿತ್ತುಕೊಂಡಳು.

"ಗಂಗಾಂಬಿಕಾ, ಆ ತೂಕದ ಮಾಹಿತಿ ಇನ್ನೂ..."

"ನಾ ಅಕಿ ಅತ್ತಿ ರೀ ಮೇಡಂ. ಮಾಹಿತಿ ಇವತ್ತು ಸಿಗಂಗಿಲ್ರಿ, ದೀಪ ಹಚ್ಚೀನಿ. ಬಾಜೂ ಮನಿಯಾಕಿಗೆ ಚಿಟಿಕಿ ಉಪ್ಪು ಕೊಡಂಗಿಲ್ಲ, ನಿಮಗ ಇಡೀ ಊರಿನ ಕೂಸುಗಳ ತೂಕ ಹೆಂಗ ಕೊಡೂಣು?"

ಗಂಗಾಂಬಿಕಾ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ರಾಜೀನಾಮೆಯ ಅಗತ್ಯವೇ ಬೀಳಲಿಕ್ಕಿಲ್ಲ, ತೆಗೆದೇ ಹಾಕುತ್ತಾರೆ ಎಂದುಕೊಂಡಳು.

ಆ ಕಡೆ ದಣಿದ ದನಿಯೊಂದು ನಕ್ಕಿತು. "ಸಂಜೆ ಮಗ್ರಿಬ್ ನಮಾಜ್ ಆದ್ಮೇಲೆ ನಮ್ಮ ಅಮ್ಮಾನೂ ಉಪ್ಪು ಕೊಡಲ್ಲಮ್ಮಾ. ನಾನಿನ್ನೂ ಆಫೀಸಲ್ಲೇ ಇದೀನಿ ನೋಡಿ. ನಾಳೆ ಹತ್ತಕ್ಕೆ ಕಳಿಸೋಕೆ ಹೇಳಿ. ನಾನೂ ಮನೆಗೆ ಹೋಗ್ತೀನಿ."

ಮರುದಿನದಿಂದ ದೀಪ ಹಚ್ಚಿದ ಕೂಡಲೇ ಮೊಬೈಲ್ ಅಕ್ಕಿ ಡಬ್ಬಿ ಸೇರತೊಡಗಿತು. ವಾರದಲ್ಲಿ ಮಕ್ಕಳ ಹಾಡಿನ ಎಲ್ಲ ಸಾಲುಗಳೂ ಟೀಚರಿಗೆ ವಾಪಸು ಬಂದವು. ರಾಜೀನಾಮೆಯ ಹಾಳೆಯಲ್ಲಿ ಮಕ್ಕಳು ದೋಣಿ ಮಾಡಿದರು. ಕಣ್ಣು ಮಿಟುಕಿಸಿದ್ದರ ಫಲವೋ ಏನೋ, ಹಾವೇರಿಯಿಂದ ಒಪ್ಪಿಗೆಯೂ ಬಂತು.

ಎರಡು ತಿಂಗಳ ನಂತರ ಶಿರಸಿಯಲ್ಲಿ ಟೀಚರುಗಳಿಗೆಲ್ಲ ಒತ್ತಡ ನಿರ್ವಹಣೆಯ ತರಬೇತಿ ನಡೆಯಿತು. ಹೊರಗಿನಿಂದ ಬಂದ ತಜ್ಞರು ಎಲ್ಲರಿಗೂ ಉದ್ದುದ್ದ ಉಸಿರೆಳೆಸಿದರು. ಮುಂದಿನ ಸಾಲಿನಲ್ಲಿ ತಣ್ಣಗೆ ಕುಳಿತಿದ್ದ ಗಂಗಾಂಬಿಕಾಳನ್ನು ಕಂಡು ಅವರಿಗೆ ಹಿಗ್ಗಾಯಿತು.

"ಇವರ ಮುಖದಲ್ಲಿ ಎಂಥ ಶಾಂತಿ ನೋಡಿ! ಸಂಜೆ ಮೊಬೈಲ್ ಮುಟ್ಟುವುದೇ ಇಲ್ಲವಂತೆ. ಅಷ್ಟು ಮನೋನಿಗ್ರಹ ಹೇಗೆ ಬಂತಮ್ಮಾ? ಧ್ಯಾನವೇ, ಪ್ರಾಣಾಯಾಮವೇ?"

ಗಂಗಾಂಬಿಕಾ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

"ಅಂಥಾದ್ದೇನೂ ಇಲ್ರಿ ಸರ್. ನಮ್ಮತ್ತಿ ಅಂಜಿಕಿ."