ಈಗಕ್ಕನ ಕೋಣೆಯಲ್ಲಿ ‘ಆಮೇಲೆ’ ಇಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೊಬೈಲ್ ಕಂಪನಿಯ ನೆಲಮಾಳಿಗೆಯಲ್ಲಿ, ಹೊರಗಿನ ಸಿಗ್ನಲ್ ನುಸುಳದಂತೆ ತಗಡು ಹೊದಿಸಿದ ಕೋಣೆಯಲ್ಲಿ, ಆಕೆ ಹೊಸ ಫೋನೊಂದರ ಮೇಲೆ ಕೆಲಸ ಹೇರುತ್ತಿದ್ದಾರೆ. ವಿಡಿಯೊ ಓಡುತ್ತಿದೆ, ಆಟ ಕುಣಿಯುತ್ತಿದೆ. ನಡುವೆಯೇ ತುರ್ತು ಕರೆಯ ಗುಂಡಿ ಒತ್ತುತ್ತಾರೆ. ಫೋನು ಗರ ಬಡಿದಂತೆ ಸುಮ್ಮನಿದ್ದುಬಿಡುತ್ತದೆ. ಕೋಣೆಯಲ್ಲೇ ಟವರಿನಂತೆ ನಟಿಸುವ ಯಂತ್ರಕ್ಕೆ ಕರೆ ಹೋಗುವುದು ಬಹಳ ಹೊತ್ತಿನ ಮೇಲೆ.

“ಮತ್ತೆ ಅದೇ ರಾಗ,” ಎನ್ನುತ್ತಾರೆ.

ಜೊತೆಯವರು ಇಟ್ಟ ಹೆಸರು ಈಗಕ್ಕ. ನಮಗೆ ಕಾಣುವ ಪರದೆಯ ಹಿಂದೆ ಫೋನಿನಲ್ಲಿ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ದುಡಿಯುತ್ತಿರುತ್ತದೆ. ಟವರಿನ ಜೊತೆಗಿನ ಮಾತುಕತೆಯೆಲ್ಲ ಅದರದ್ದು. ಅದನ್ನು ರಿಯಲ್ ಟೈಮ್ ಎನ್ನುತ್ತಾರೆ. ಹೇಳಿದ ಗಳಿಗೆಯಲ್ಲಿ ಮುಗಿಯದ ಕೆಲಸ ಅಲ್ಲಿ ಕೆಲಸವೇ ಅಲ್ಲ. ಅದನ್ನು ಪರೀಕ್ಷಿಸುವುದು ಈಗಕ್ಕನ ಹೊಟ್ಟೆಪಾಡು. ಹಾಗಾಗಿ ಈ ಕೋಣೆಯಲ್ಲಿ ‘ಆಮೇಲೆ’ ಎಂಬುದು ಬೈಗುಳ.

“ಸ್ಕ್ರೀನ್ ನಿಧಾನ ಆದ್ರೆ ಜನ ಬೈತಾರೆ. ಇದು ನಿಧಾನ ಆದ್ರೆ ಬೈಯೋಕೆ ಜನಾನೇ ಇರಲ್ಲ.”

ಹಗಲಿಡೀ ಕೋಣೆಯ ಈ ಪರೀಕ್ಷಾ ಯಂತ್ರಗಳು ಜಾಹೀರಾತಿಗಾಗಿ ಇಂಟರ್ನೆಟ್ ವೇಗ ಅಳೆಯುವವರ ಪಾಲು. ಗುತ್ತಿಗೆಯ ಈಗಕ್ಕನಿಗೆ ದಕ್ಕುವುದು ನಸುಕು ಮಾತ್ರ. ಮಗಳಿಗೆ ಜಡೆ ಹೆಣೆಯುವುದನ್ನು ಬಸ್ ಡ್ರೈವರ್ ಗಂಡ ಕಲಿತಿದ್ದಾನೆ, ಸೊಟ್ಟಗಾದರೂ. ಈಗಕ್ಕನ ಅಮ್ಮನದು ಒಂದೇ ತಕರಾರು: “ಫೋನ್ ಕಂಪನಿಲಿದಾಳಂತೆ, ಫೋನ್ ಮಾಡಿದ್ರೆ ಮಾತ್ರ ಸಿಗಲ್ಲ.”

ಈ ಫೋನು ಮುಂದಿನ ವಾರ ಅಂಗಡಿಗೆ ಬರಬೇಕು. ನಿನ್ನೆ ಮ್ಯಾನೇಜರ್ ಬಾಗಿಲಲ್ಲೇ ನಿಂತು ಹೇಳಿದರಂತೆ, “ಈಗ ಪಾಸ್ ಅಂತ ಹಾಕಿ. ಆಮೇಲೆ ಅಪ್‌ಡೇಟ್‌ನಲ್ಲಿ ಸರಿ ಮಾಡೋಣ. ಅಪರೂಪಕ್ಕೆ ಆಗೋದು ತಾನೆ?”

“ಆ ಅಪರೂಪ ಯಾರ ಪಾಲಿಗೆ ಬರತ್ತೆ ಹೇಳಿ ಸರ್, ಅವರಿಗೆ ಮುಂಚೆನೇ ತಿಳಿಸಿಬಿಡ್ತೀನಿ.”

ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡು ಹೊರಟರು. ಗುತ್ತಿಗೆ ಮುಂದುವರಿಯುವುದು ಅನುಮಾನ ಎಂಬ ಮಾತನ್ನೂ ಒಗೆದು ಹೋದರು. ಉಸಿರುಗಟ್ಟಿ ಒದ್ದಾಡುವವರಿಗೆ ಆಮೇಲೆ ಬನ್ನಿ ಎನ್ನುವ ಈ ಸೊಕ್ಕಿಗೆ ಏನೆನ್ನಬೇಕು? ಫೋನಿನ ಬೆನ್ನಿಗೆ ಬಣ್ಣ ಆರಿಸಿದವರಿಗೆ ವೇದಿಕೆ, ಚಪ್ಪಾಳೆ. ಜೀವ ಉಳಿಸುವ ಕರೆಯನ್ನು ಕಾಯುವವಳಿಗೆ ಬೆದರಿಕೆ. ನಾಚಿಕೆಯಾಗಬೇಕು.

ಈಗಕ್ಕ ಇವತ್ತೂ ಫೇಲ್ ಎಂದೇ ಒತ್ತುತ್ತಾರೆ. ಕೆಲಸ ಹೋದರೆ ಮನೆ ನಡೆಯುವುದು ಕಷ್ಟ. ಇಷ್ಟೆಲ್ಲ ಮಾಡಿದ್ದು ನಾಲ್ಕು ಜನಕ್ಕೆ ತಿಳಿಯಬೇಕು ಅನಿಸುವುದಿಲ್ಲವೇ ಎಂದರೆ, ಫೋನಿನಿಂದ ಕಣ್ಣೆತ್ತುವುದಿಲ್ಲ.

“ಬೇಡ. ನನ್ನ ಕೆಲಸ ಜನಕ್ಕೆ ಗೊತ್ತಾಯ್ತು ಅಂದ್ರೆ, ಎಲ್ಲೋ ಯಾರದೋ ಕಾಲ್ ಹೋಗಿಲ್ಲ ಅಂತ.”