ಮೂರನೇ ಪಾವು

ಬೆಳಗಿನ ಐದೂಮುಕ್ಕಾಲು. ಪೀಣ್ಯ ಎರಡನೇ ಹಂತದ ಆ ಗೇರ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಯಂತ್ರಗಳು ಇನ್ನೂ ಗುಂಯ್‌ಗುಡುತ್ತಿವೆ. ಹಿಂಬದಿಯ ಶೀಟಿನ ಮಾಡಿನ ಕ್ಯಾಂಟೀನಿನಲ್ಲಿ ಮಾತ್ರ ಬೆಳಗಾಗಿ ಆಗಲೇ ಬಹಳ ಹೊತ್ತಾಗಿದೆ. ಅಶ್ವತ್ಥಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೋಟು ಸ್ಟೂಲಿನ ಮೇಲೆ ನಿಂತು, ಕುದಿಯುತ್ತಿರುವ ಸಾರಿನ ದೊಡ್ಡ ಪಾತ್ರೆಯಲ್ಲಿ ಸೌಟು ಆಡಿಸುತ್ತಿದ್ದಾರೆ. ಪಕ್ಕದ ಡಬ್ಬಿಯಿಂದ ಹಿತ್ತಾಳೆ ಪಾವಿನಲ್ಲಿ ಉಪ್ಪು ತುಂಬಿ ಸುರಿಯುತ್ತಾರೆ. ಒಂದು ಪಾವು. ಎರಡು ಪಾವು. ಅಷ್ಟೇ, ಡಬ್ಬಿಯ ಮುಚ್ಚಳ ಬಿಗಿದುಬಿಡುತ್ತಾರೆ.

ಎರಡು ವರ್ಷದ ಹಿಂದೆ ಇದೇ ಪಾತ್ರೆಗೆ ಮೂರು ಪಾವು ಬೀಳುತ್ತಿತ್ತು. ಆ ಮೂರನೇ ಪಾವು ಎಲ್ಲಿ ಹೋಯಿತು ಎಂಬುದು ಈಗ ಕಾರ್ಖಾನೆಗೆಲ್ಲ ಗೊತ್ತು. ಒಂದು ಕಾಲಕ್ಕೆ ಅಶ್ವತ್ಥಮ್ಮನೊಬ್ಬರಿಗೆ ಮಾತ್ರ ಗೊತ್ತಿತ್ತು.

ದಿನಕ್ಕೆ ಮುನ್ನೂರ ಎಂಬತ್ತು ಊಟ, ಇನ್ನೂರ ಇಪ್ಪತ್ತು ತಿಂಡಿ. ಮುದ್ದೆಗೆ ಇಪ್ಪತ್ತನಾಲ್ಕು ಕೆಜಿ ರಾಗಿ ಹಿಟ್ಟು, ಸಾರಿಗೆ ಹನ್ನೊಂದು ಕೆಜಿ ಬೇಳೆ. ಹೆಚ್ಚಬೇಕಾದ ತರಕಾರಿಯ ರಾಶಿ ನೋಡಿದರೆ ಹೊಸಬರಿಗೆ ಅಳು ಬರುತ್ತದೆ. ಮೊದಲ ಪಾಳಿಯವರು ಹತ್ತೂವರೆಗೆ ತಟ್ಟೆ ಹಿಡಿದು ಸಾಲು ನಿಲ್ಲುವಷ್ಟರಲ್ಲಿ ಎಲ್ಲ ಮುಗಿದಿರಬೇಕು. ಹನ್ನೊಂದು ವರ್ಷದಲ್ಲಿ ಊಟ ಒಂದು ದಿನವೂ ತಡವಾಗಿಲ್ಲ ಎಂದು ಐವತ್ತನಾಲ್ಕರ ಅಶ್ವತ್ಥಮ್ಮ ಹೇಳುವಾಗ ಅವರ ಗದ್ದ ಕೊಂಚ ಮೇಲೇಳುತ್ತದೆ. ಅಷ್ಟು ಜಂಬ ಅವರಿಗೆ ಸಲ್ಲಬೇಕಾದದ್ದೇ.

ಹಾಗೆ ನೋಡಿದರೆ ಅವರು ದುಡಿಯಲೇಬೇಕೆಂದೇನೂ ಇಲ್ಲ. ಚಿಕ್ಕಬಾಣಾವರದ ಹಳೇ ಒಕ್ಕಲು ಮನೆತನ. ರಾಗಿ ಹೊಲವಿದ್ದ ಜಾಗದಲ್ಲಿ ಈಗ ಲೇಔಟು, ಮನೆಯ ಮೇಲೆ ಮನೆ, ಬಾಡಿಗೆಗೆ ನಾಲ್ಕು ಸಂಸಾರ. ಗಂಡ ನರಸಪ್ಪ ಹೊಲ ಹೋದ ಮೇಲೆ ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತವರು, ಕುರ್ಚಿಯೇ ಬೇಸತ್ತು ಒಂದು ಕಾಲು ಮುರಿದುಕೊಳ್ಳುವವರೆಗೆ ಏಳಲಿಲ್ಲ. "ಮನೇಲ್ ಕುಂತ್ರೆ ಕೈಕಾಲು ಇಡ್ಕೊಂತವೆ. ಅದ್ಕೇ ನಾನು ಬಂದ್ಬಿಟ್ಟೆ. ಈಗ ನಮ್ ಯಜಮಾನ್ರನ್ನೂ ಬಿಡಲ್ಲ. ನನ್ನ ಬಸ್ಸು ಅತ್ತಿಸಾಕೆ ದಿನಾ ನಡ್ಕೊಂಡ್ ಬರ್ಬೇಕು, ಬರ್ತಾ ಕೆರೆ ಸುತ್ತಾಕ್ಕೊಂಡು ಮನೆಗೋಗ್ಬೇಕು," ಎನ್ನುತ್ತಾರೆ ಅಶ್ವತ್ಥಮ್ಮ. ಉಪ್ಪು ಅಳೆಯುವ ಆ ಪಾವು ಅತ್ತೆಯ ಕಾಲದ್ದು, ಕಣದಲ್ಲಿ ರಾಗಿ ಅಳೆಯುತ್ತಿದ್ದದ್ದು. ಹೊಲದ ಗುರುತಾಗಿ ಉಳಿದಿರುವುದು ಅದೊಂದೇ.

ಕಥೆ ಶುರುವಾಗುವುದು ನಲ್ಲಪ್ಪನಿಂದ. ಸ್ಟೋರ್ಸ್ ವಿಭಾಗದ ನಲ್ಲಪ್ಪ ಗಟ್ಟಿ ಆಳು, ಮಾತು ಕಡಿಮೆ. ಸಾಲಿನಲ್ಲಿ ಬಂದವರು ತಟ್ಟೆಗೆ ಸಾರು ಬಿದ್ದ ಮೇಲೂ ಕದಲುತ್ತಿರಲಿಲ್ಲ. ಅಂಗೈ ಚಾಚಿ, "ಅಕ್ಕ, ಒಂದ್ ಚೂರು ಉಪ್ಪು," ಎನ್ನುತ್ತಿದ್ದರು. ಅಶ್ವತ್ಥಮ್ಮ ಒಂದು ಚಿಟಿಕೆ ಹಾಕಿದರೆ ಅಂಗೈ ಹಾಗೇ ಇರುತ್ತಿತ್ತು, ಇನ್ನೊಂದು ಹಾಕುತ್ತಿದ್ದರು. ಒಂಬತ್ತು ವರ್ಷ ನಡೆದ ಮರ್ಯಾದೆ ಇದು.

ಒಂದು ಮಧ್ಯಾಹ್ನ ನಲ್ಲಪ್ಪ ಸ್ಟೋರ್ಸಿನ ಕಬ್ಬಿಣದ ರ‍್ಯಾಕಿಗೆ ಒರಗಿ ಹಾಗೇ ಕುಸಿದರು. ಹೃದಯಾಘಾತ. ಜೊತೆಯವರು ಕಂಪನಿಯ ಟೆಂಪೋದಲ್ಲೇ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದರಿಂದ ಜೀವ ಉಳಿಯಿತು. ವರ್ಷಗಳಿಂದ ಬಿಪಿ ಇತ್ತಂತೆ, ನೋಡಿಸಿದವರಿಲ್ಲ. ಜೊತೆಗೆ ಬೀಡಿ ಬೇರೆ. ಉಪ್ಪು ಜಾಸ್ತಿಯಾದರೆ ಬಿಪಿ ಏರುತ್ತದೆ, ಬಿಪಿ ಏರಿದರೆ ಹೃದಯ ಸೋಲುತ್ತದೆ ಎಂದು ಡಾಕ್ಟರು ಹೇಳಿದ ಮಾತು ಕ್ಯಾಂಟೀನಿಗೂ ಬಂತು. "ಅವತ್ತು ನನ್ನ ಕೈ ನಾನೇ ನೋಡ್ಕೊಂಡೆ. ಈ ಕೈಯಾರೆ ಅಲ್ವಾ ಕೊಟ್ಟಿದ್ದು ಅನ್ನಿಸ್ತು," ಎನ್ನುವಾಗ ಅಶ್ವತ್ಥಮ್ಮನ ದನಿ ಈಗಲೂ ಇಳಿಯುತ್ತದೆ.

ಮೂರು ತಿಂಗಳ ಮೇಲೆ ನಲ್ಲಪ್ಪ ವಾಪಸು ಬಂದರು. ಬೀಡಿ ಬಿಟ್ಟಿದ್ದರು, ಮೈ ಇಳಿದಿತ್ತು. ಕೈಯಲ್ಲಿ ಮನೆಯಿಂದ ತಂದ ಊಟದ ಡಬ್ಬಿ. ಎಲ್ಲರೂ ಸಾಲಿನಲ್ಲಿ ನಿಂತು ತಮಾಷೆ ಮಾಡುತ್ತಾ ಉಣ್ಣುವಾಗ ಅವರು ಕೈ ತೊಳೆಯುವ ನಲ್ಲಿಯ ಪಕ್ಕದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಸಪ್ಪೆ ಅನ್ನ ನುಂಗುತ್ತಿದ್ದರು. ಯಾರಾದರೂ ಮಾತಾಡಿಸಿದರೆ ಡಬ್ಬಿಯ ಮುಚ್ಚಳ ಅಡ್ಡ ಹಿಡಿಯುತ್ತಿದ್ದರು. ಕಾಯಿಲೆಗಿಂತ ಆ ಡಬ್ಬಿಯೇ ಮನುಷ್ಯನನ್ನು ಕುಗ್ಗಿಸಿತ್ತು. ಸೌಟು ಹಿಡಿದು ನಿಂತ ಅಶ್ವತ್ಥಮ್ಮನ ಕಣ್ಣು ದಿನಾ ಆ ಮೂಲೆಗೇ ಹೋಗುತ್ತಿತ್ತು.

"ಒಬ್ಬರಿಗೆ ಅಂತ ಬೇರೆ ಒಲೆ ಅಚ್ಚೋ ಅಂಗಿಲ್ಲ, ಅದು ರೂಲ್ಸು. ನಲ್ಲಪ್ಪನ್ನ ನಮ್ ತಾವ ಕರ್ಕೊಂಬರಾಕ್ ಆಗಲ್ಲ ಅಂದ್ರೆ, ನಾವೇ ಎಲ್ರೂ ನಲ್ಲಪ್ಪನ ತಾವ ಓಗೋದು ಅಂದ್ಕೊಂಡೆ," ಎಂದು ಅವರು ನಗುತ್ತಾರೆ.

ಎಲ್ಲರ ಸಾರಿನ ಉಪ್ಪನ್ನೇ ಇಳಿಸುವುದು ಹೇಳಿದಷ್ಟು ಸುಲಭವಲ್ಲ. ಊಟದ ಬಗ್ಗೆ ದೂರು ಹೆಚ್ಚಾದರೆ ಅಡುಗೆಯವರನ್ನು ಬದಲಿಸುವ ಅಧಿಕಾರ ಕ್ಯಾಂಟೀನ್ ಸಮಿತಿಗಿದೆ. ಹಿಂದೆ ಒಬ್ಬ ಭಟ್ಟರು ಬರೀ ನೀರು ಸಾರಿನ ದೆಸೆಯಿಂದ ಮನೆಗೆ ಹೋಗಿದ್ದರು. ಹಾಗಾಗಿ ಅಶ್ವತ್ಥಮ್ಮ ಯಾರಿಗೂ ಹೇಳಲಿಲ್ಲ. ಒಂದು ಮೊಳೆ ತೆಗೆದುಕೊಂಡು ಪಾವಿನ ಒಳಮೈಯಲ್ಲಿ, ಬಾಯಿಂದ ಒಂದು ಅಕ್ಕಿ ಕಾಳಿನಷ್ಟು ಕೆಳಗೆ, ಒಂದು ಗೀರು ಎಳೆದರು. ಆ ತಿಂಗಳು ಮೂರನೇ ಪಾವು ಆ ಗೀರಿನವರೆಗೆ ಮಾತ್ರ. ಮುಂದಿನ ತಿಂಗಳು ಅದರ ಕೆಳಗೆ ಇನ್ನೊಂದು. ಕಡಿಮೆಯಾದ ಉಪ್ಪಿನ ಜಾಗಕ್ಕೆ ಒಂದಿಷ್ಟು ನಿಂಬೆಹುಳಿ, ಹುರಿದ ಜೀರಿಗೆ, ಕೈತುಂಬ ಕೊತ್ತಂಬರಿ. ಟೇಬಲ್ಲುಗಳ ಮೇಲಿದ್ದ ಉಪ್ಪಿನ ಡಬ್ಬಿಗಳು 'ತೊಳೆಯೋಕೆ' ಎಂದು ಒಳಗೆ ಹೋದವು, ಹೊರಗೆ ಬರಲೇ ಇಲ್ಲ. ಬೇಕಾದವರು ಎದ್ದು ಬಂದು ಕೇಳಬೇಕಿತ್ತು. ಏಳುವ ಸೋಮಾರಿತನವೇ ಎಷ್ಟೋ ಜನರನ್ನು ಕಾಪಾಡಿತು.

ಏಳನೇ ಗೀರಿನಲ್ಲಿ ಒಮ್ಮೆ ಗುಟ್ಟು ಬಯಲಾಗುವುದರಲ್ಲಿತ್ತು. ಯಂತ್ರ ನಡೆಸುವ ಲೋಕೇಶ್, ಸಮಿತಿಯಲ್ಲಿ ಕಾರ್ಮಿಕರ ಪರವಾಗಿ ಇರುವವನು, ದನಿ ದೊಡ್ಡದು. ತಟ್ಟೆ ಹಿಡಿದು ಬಂದು, "ಏನಕ್ಕ, ಇವತ್ ಸ್ವಲ್ಪ ಸಪ್ಪೆ?" ಎಂದ. ಅಶ್ವತ್ಥಮ್ಮ ಅಳತೆಯನ್ನು ಮತ್ತೆ ಏರಿಸಲಿಲ್ಲ, ಇಳಿಸಲೂ ಇಲ್ಲ. ಎರಡು ತಿಂಗಳು ಅಲ್ಲೇ ನಿಂತು, ಅದರ ಗುರುತಿಗೆ ಏಳನೇ ಗೀರಿನ ಪಕ್ಕದಲ್ಲೇ ಜೋಡಿ ಗೀರು ಎಳೆದರು. ಲೋಕೇಶ್ ಆಮೇಲೆ ಆ ಮಾತು ಎತ್ತಲಿಲ್ಲ. ಒಂದೂಕಾಲು ವರ್ಷಕ್ಕೆ ಮೂರನೇ ಪಾವು ತಳ ಕಂಡಿತು.

ಎಲ್ಲ ಸರಿಯಾಗಿತ್ತು, ಒಂದು ಬಿಟ್ಟು. ಉಗ್ರಾಣದ ಬಾಗಿಲ ಪಕ್ಕ, ಅಶ್ವತ್ಥಮ್ಮನೇ ಎಂದೋ ಹೇಳಿ ಬರೆಸಿದ ಅಳತೆಯ ಪಟ್ಟಿ ಇತ್ತು. ಅದರಲ್ಲಿ 'ಸಾರು: ಉಪ್ಪು 3 ಪಾವು' ಎಂದೇ ಇತ್ತು. ತಿದ್ದಿದರೆ ಗುಟ್ಟು ರಟ್ಟಾಗುತ್ತದೆಂದು ತಿದ್ದಿರಲಿಲ್ಲ. ಆಮೇಲೆ ಅದೊಂದು ಇದೆ ಎಂಬುದೇ ಮರೆತುಹೋಗಿತ್ತು.

ತಂಗಿಯ ಮಗಳ ಮದುವೆಗೆಂದು ಅವರು ಸರ್ಜಾಪುರಕ್ಕೆ ಹೋದರು. ಅಡುಗೆ ಸಹಾಯಕಿ ಧನಲಕ್ಷ್ಮಿಗೆ ಸೌಟು ಸಿಕ್ಕಿತು. ಹೊಸ ಹುಡುಗಿ, ಶಿಸ್ತಿನವಳು. ಪಟ್ಟಿ ನೋಡಿ ಮೂರು ಪಾವು, ಬಾಯಿಮಟ್ಟ ಸವರಿ, ಕರಾರುವಾಕ್ಕಾಗಿ ಹಾಕಿದಳು. ಹತ್ತೂವರೆಗೆ ಕ್ಯಾಂಟೀನಿನಲ್ಲಿ ಗಲಾಟೆಯೆದ್ದಿತು. ತಟ್ಟೆಗಳು ಹಾಗೇ ವಾಪಸು ಬಂದವು. "ಇದೇನ್ ಸಾರಾ, ಸಮುದ್ರದ ನೀರಾ?" ಎಂದು ಲೋಕೇಶ್ ತಟ್ಟೆ ತಳ್ಳಿದ. ಧನಲಕ್ಷ್ಮಿಯನ್ನು ತೆಗೆಯಬೇಕೆಂದು ಸಮಿತಿಗೆ ಅರ್ಜಿ ಹೋಯಿತು. ಮುನ್ನೂರ ಎಂಬತ್ತು ಜನ ವರ್ಷಗಟ್ಟಲೆ ಬೆರಳು ಚೀಪಿ ಉಂಡಿದ್ದ ಸಾರು ಅದೇ ಆಗಿತ್ತು. ಅವರ ನಾಲಗೆಗೇ ಅದು ನೆನಪಿರಲಿಲ್ಲ.

ಧನಲಕ್ಷ್ಮಿಯ ಅಳು ಫೋನಿನಲ್ಲಿ ಕೇಳಿಸಿದಾಗ ಅಶ್ವತ್ಥಮ್ಮ ಮದುವೆ ಮನೆಯಲ್ಲಿದ್ದರು. "ಪಟ್ಟೀಲಿ ಇರೋದೇ ಹಾಕಿದ್ದು ಅಕ್ಕ, ಯಾರೂ ನಂಬ್ತಿಲ್ಲ." ಸುಮ್ಮನಿದ್ದಿದ್ದರೆ ಅಶ್ವತ್ಥಮ್ಮನ ಕೆಲಸ ಉಳಿಯುತ್ತಿತ್ತು, ಹುಡುಗಿಯದು ಹೋಗುತ್ತಿತ್ತು. ಆ ಯೋಚನೆ ತಲೆಗೆ ಬಂದದ್ದು ನಿಜ ಎಂದು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ. "ಮಾರ್ನೇ ದಿನ ಬೀಗರೂಟ ಇತ್ತು. ಬೀಗರೂಟ ಬುಟ್ಟು ಎದ್ದು ಬಂದೋಳು ನಾನು. ನಮ್ ತಂಗಿ ಇನ್ನೂ ಸರ್ಯಾಗಿ ಮಾತಾಡ್ಸಲ್ಲ."

ಸಮಿತಿಯ ಮುಂದೆ ಅವರು ಪಾವನ್ನು ಮೇಜಿನ ಮೇಲಿಟ್ಟು ನಿಂತರು. "ಪಟ್ಟೀಲಿರೋದು ಸುಳ್ಳು. ನಾನು ಉಪ್ಪು ಇಳಿಸ್ಕೊಂಡ್ ಬಂದಿದೀನಿ, ಯಾರ್ಗೂ ಏಳಿಲ್ಲ. ಈ ಉಡ್ಗೀದು ಏನೂ ತಪ್ಪಿಲ್ಲ."

ಲೋಕೇಶನಿಗೆ ಸಿಟ್ಟು ಬಂತು. ಬಂದದ್ದರಲ್ಲಿ ನ್ಯಾಯವೂ ಇತ್ತು. "ಅಲ್ಲ ಅಕ್ಕ, ನಮ್ ಊಟ ಬದಲಾಯಿಸೋ ಮುಂಚೆ ನಮ್ಮನ್ನ ಒಂದ್ ಮಾತು ಕೇಳ್ಬಾರ್ದಿತ್ತಾ? ನಾವೇನ್ ಚಿಕ್ ಮಕ್ಳಾ?"

"ಕೇಳ್ಬೇಕಿತ್ತು. ಕೇಳಿದ್ರೆ ಬ್ಯಾಡ ಅಂತಿದ್ರಿ, ಅದ್ಕೇ ಕೇಳ್ಲಿಲ್ಲ. ಅದೂ ನಂದೇ ತಪ್ಪು. ಬೇರೆಯೋರ್ನ ಇಟ್ಕೊಳೋದಾದ್ರೆ ಇಟ್ಕೊಳಿ. ಪಟ್ಟಿ ಮಾತ್ರ ತಿದ್ಬುಟ್ಟು ಓಗ್ತೀನಿ."

ಲೋಕೇಶ್ ಪಾವನ್ನು ಕೈಗೆತ್ತಿಕೊಂಡ. ಕಿಟಕಿಯ ಬೆಳಕಿಗೆ ಹಿಡಿದು ಗೀರುಗಳನ್ನು ಎಣಿಸತೊಡಗಿದ. ನೂಲಿನಷ್ಟು ಅಳತೆ ತಪ್ಪದ ಹಾಗೆ ಗೇರ್ ಕೊರೆಯುವವನು, ಅವನ ಕಣ್ಣಿಗೆ ಅದು ಬೀಳದೇ ಇರಲಿಲ್ಲ. "ಏಳನೇದ್ರಲ್ಲಿ ಮಾತ್ರ ಯಾಕಕ್ಕ ಜೋಡಿ ಗೀರು?"

"ಅವತ್ತು ನೀನು ಸಪ್ಪೆ ಅಂದ್ಯಲ್ಲಪ್ಪ. ಎಲ್ರಿಗೂ ಒಗ್ಲಿ ಅಂತ ಎಲ್ಡು ತಿಂಗ್ಳು ಅಲ್ಲೇ ನಿಲ್ಸಿದ್ದೆ."

ಸಮಿತಿಯಲ್ಲಿ ಕೂತಿದ್ದ ಮ್ಯಾನೇಜರು ಮೊದಲು ನಕ್ಕರು. ಲೋಕೇಶ್ ನಗು ತಡೆದು ನೋಡಿದ, ಆಗಲಿಲ್ಲ. "ಹಂಗಾದ್ರೆ ನಿನ್ನೆ ನಾನು ತಳ್ಳಿದ್ನಲ್ಲ, ಅದನ್ನೇ ಮೊದ್ಲು ದಿನಾ ತಿಂತಿದ್ವಾ ನಾವು?" ಎಂದು ತನಗೆ ತಾನೇ ಕೇಳಿಕೊಂಡ. ಇನ್ನು ಮುಂದೆ ಏನೇ ಬದಲಾದರೂ ಸಮಿತಿಯನ್ನು ಕೇಳಿಯೇ ಮಾಡಬೇಕೆಂಬ ಒಂದೇ ಷರತ್ತಿನ ಮೇಲೆ ಸೌಟು ಅಶ್ವತ್ಥಮ್ಮನ ಕೈಯಲ್ಲೇ ಉಳಿಯಿತು. ಧನಲಕ್ಷ್ಮಿಯೂ ಉಳಿದಳು. 'ಉಪ್ಪು 2 ಪಾವು' ಎಂಬ ಹೊಸ ಪಟ್ಟಿ ಲೋಕೇಶನ ಕೈಬರಹದಲ್ಲಿದೆ, ಅಕ್ಷರ ಕೋಳಿ ಕೆದರಿದಂತಿದ್ದರೂ.

ನಲ್ಲಪ್ಪ ಆ ಪಟ್ಟಿಯ ಫೋಟೋ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಉಪ್ಪಿನಕಾಯಿ, ಹಪ್ಪಳ ಮುಟ್ಟದಿದ್ದರೆ, ಮಾತ್ರೆ ತಪ್ಪಿಸದಿದ್ದರೆ ಮಧ್ಯಾಹ್ನದ ಊಟ ಅಲ್ಲೇ ಮಾಡಬಹುದು ಎಂದರಂತೆ. ಮುಂದಿನ ಸೋಮವಾರ ಅವರು ಖಾಲಿ ಕೈಯಲ್ಲಿ ಬಂದು ಸಾಲಿನ ಕೊನೆಗೆ ನಿಂತರು. ಅಶ್ವತ್ಥಮ್ಮ ದೂರದಿಂದಲೇ ನೋಡಿದರು. ನಲ್ಲಪ್ಪನ ಸರದಿ ಬಂತು. ಮುದ್ದೆ, ಸಾರು, ಸೊಪ್ಪಿನ ಪಲ್ಯ ಬಿತ್ತು. ನಲ್ಲಪ್ಪ ಕದಲಲಿಲ್ಲ, ಹಳೇ ರೂಢಿಯಂತೆ ಅಂಗೈ ಚಾಚಿದರು. ಅಶ್ವತ್ಥಮ್ಮ ಆ ಅಂಗೈಯಲ್ಲಿ ಒಂದು ಹೋಳು ನಿಂಬೆಹಣ್ಣು ಇಟ್ಟರು.

ಈಗ ಅದೇ ರೂಢಿ. ಊಟವಾದ ಮೇಲೆ ನಲ್ಲಪ್ಪ ಕಾಂಪೌಂಡಿನ ಉದ್ದಕ್ಕೂ ಎರಡು ಸುತ್ತು ನಡೆಯುತ್ತಾರೆ. ಮೊದಮೊದಲು ಒಬ್ಬರೇ ಇದ್ದರು. ಈಗ ಏಳೆಂಟು ಜನ ಜೊತೆಗೂಡುತ್ತಾರೆ, ಲೋಕೇಶನೂ ಇದ್ದಾನೆ, ಮಾತು ನಿಲ್ಲಿಸದೆ. ಬೋಂಡಾದ ಎಣ್ಣೆ ಕಡಿಮೆ ಮಾಡುವ ವಿಷಯ ಮುಂದಿನ ಸಮಿತಿ ಸಭೆಗೆ ಬರಲಿದೆ. ಈ ಸಲ ಕೇಳಿಯೇ ಮಾಡುವುದಾಗಿ ಅಶ್ವತ್ಥಮ್ಮ ಮಾತು ಕೊಟ್ಟಿದ್ದಾರೆ.

ಪಾತ್ರೆಗಳನ್ನು ಬೋರಲು ಹಾಕಿ, ಪಾವನ್ನು ಒರೆಸಿ ಗೂಡಿನಲ್ಲಿಡುವಾಗ, ಇನ್ನೇನಾದರೂ ಆಸೆ ಉಂಟೇ ಎಂಬ ಪ್ರಶ್ನೆಗೆ ಅವರು ಪಾಯಸದ ಮಾತೆತ್ತುತ್ತಾರೆ. ಈ ಕಾರ್ಖಾನೆಯಲ್ಲಿ ನಿವೃತ್ತರಾಗುವವರ ಕೊನೆಯ ದಿನ ಎಲ್ಲರಿಗೂ ಪಾಯಸದೂಟ.

"ನಲ್ಲಪ್ಪ ರಿಟೈರ್ ಆಗಾಕೆ ಇನ್ನ ನಾಕ್ ವರ್ಷ ಐತೆ. ಅವತ್ತಿನ ಪಾಯ್ಸ ನಾನೇ ಮಾಡ್ಬೇಕು, ಅವ್ರು ಈ ಸಾಲಲ್ಲೇ ನಿಂತು ಇಸ್ಕೋಬೇಕು. ಇನ್ನೇನೂ ಬ್ಯಾಡ," ಎಂದು ದೀಪ ಆರಿಸುತ್ತಾರೆ. ಬಾಗಿಲ ಬಳಿ ತಿರುಗಿ ಒಂದು ಮಾತು ಸೇರಿಸುತ್ತಾರೆ. "ಅವತ್ತೊಂದಿನ ಬೆಲ್ಲ ಮಾತ್ರ ಕಮ್ಮಿ ಮಾಡಲ್ಲ ಕಣ್ರೀ."